ಹಳ್ಳದ ದಂಡೆಯ ಹಾದಿ: ಹಳ್ಳ ಹಿಡಿಯದಂತೆ ನಡೆಯುವುದು ಹೇಗೆ?

ಬೆಟ್ಟದ ಕಾಡಿಗೆ ಮೊದಲ ಸಲ ಚಾರಣ ಹೊರಟವರಿಗೆ ಅನುಭವಸ್ಥರು ತೋರಿಸುವುದು ತೊರೆಯ ಪಕ್ಕದ ಹಾದಿಯನ್ನೇ. ಏರು ಕಡಿಮೆ, ನೆರಳು ಹೆಚ್ಚು, ನೀರಿನ ಸದ್ದು ಉದ್ದಕ್ಕೂ ಜೊತೆಗೆ. ಸುಲಭವೇ, ಅನುಮಾನವಿಲ್ಲ. ಆದರೆ ಎಡವಟ್ಟಾಗುವುದಿದ್ದರೆ ಅದೂ ಈ ನೀರಿನಿಂದಲೇ. ಹಾಗಾಗಿ ಒಂದು ಕಣ್ಣು ಯಾವಾಗಲೂ ತೊರೆಯ ಮೇಲಿರಲಿ.

ಮೊದಲು ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. 8 ಕಿ.ಮೀ. ಹಾದಿ, 300 ಮೀಟರ್ ಏರು ಎಂದರೆ ಎರಡು ಗಂಟೆ ಚಿಲ್ಲರೆ. ಇದು ಎಲ್ಲೂ ನಿಲ್ಲದವರ ಲೆಕ್ಕ. ತೊರೆ ಕಂಡಲ್ಲೆಲ್ಲ ಕೂರುವ ನಮ್ಮಂಥವರು ಇನ್ನರ್ಧ ಸೇರಿಸಿಕೊಳ್ಳಬೇಕು. ಕಣಿವೆಯಲ್ಲಿ ಬೆಟ್ಟದ ನೆರಳು ಬೇಗ ಬೀಳುತ್ತದೆ, ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಬೆಳಗ್ಗೆಯೇ ಹೊರಡಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ಹೇಳಿರಿ.

ಹತ್ತಿ ಬಟ್ಟೆ ಬೇಡ. ಒದ್ದೆಯಾದರೆ ಬೇಗ ಒಣಗದೆ ಮೈ ಕೊರೆಯುತ್ತದೆ.

ನಡಿಗೆಯಲ್ಲಿ ಕಾಲು ಜಾರಿಸುವುದು ಎರಡು: ಪಾಚಿ ಹಿಡಿದ ಕಲ್ಲು, ತೊಗಟೆ ಕಳಚಿದ ಒದ್ದೆ ಬೇರು. ಕಪ್ಪಗೆ ಮಿರಿಮಿರಿ ಮಿನುಗುವ ಕಲ್ಲನ್ನು ನಂಬಬೇಡಿ. ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಲಿ. ಬೇರಿನ ಮೇಲೆ ಕಾಲಿಡುವುದಕ್ಕಿಂತ ಅದನ್ನು ದಾಟಿ ಇಡುವುದು ಲೇಸು.

ಸೇತುವೆ ಇಲ್ಲದ ಕಡೆ ತೊರೆ ದಾಟಬೇಕಾಗಬಹುದು. ಕಿರಿದಾದ ಜಾಗ ಕಂಡೊಡನೆ ಮನಸ್ಸು ಅಲ್ಲಿಗೇ ಎಳೆಯುತ್ತದೆ. ಆದರೆ ಕಿರಿದಾದಲ್ಲಿ ನೀರು ಆಳ, ಸೆಳೆತ ಜೋರು. ಹರಡಿಕೊಂಡು ತೆಳ್ಳಗೆ ಹರಿಯುವ ಜಾಗ ಹುಡುಕಿ. ಕೆಳಗಡೆ ಜಲಪಾತವಾಗಲಿ, ಅಡ್ಡ ಬಿದ್ದ ಮರವಾಗಲಿ ಇಲ್ಲವೆಂದು ನೋಡಿಕೊಳ್ಳಿ. ಚೀಲದ ಸೊಂಟಪಟ್ಟಿ ಬಿಚ್ಚಿಡಿ. ಬಿದ್ದರೆ ಚೀಲ ಕಳಚಿಕೊಳ್ಳಬೇಕಲ್ಲ. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲು ಮುಂದೆ ಊರಿ, ಪಕ್ಕಕ್ಕೆ ಒಂದೊಂದೇ ಹೆಜ್ಜೆ ಸರಿಯಿರಿ. ಶೂ ತೆಗೆಯಬೇಡಿ. ಶೂ ಒದ್ದೆಯಾದೀತೆಂದು ಬರಿಗಾಲಲ್ಲಿ ಇಳಿದು ಹೆಬ್ಬೆರಳ ಉಗುರು ಕಳೆದುಕೊಂಡವರಲ್ಲಿ ನಾನೂ ಒಬ್ಬ. ಹರಿವಿನ ವೇಗ ಇಮ್ಮಡಿಯಾದರೆ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸದ ನೀರು ಮೊಣಕಾಲು ಮುಟ್ಟುವಂತಿದ್ದರೆ ಹಿಂದಿರುಗುವುದೇ ಜಾಣತನ.

ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಸುರಿಯುತ್ತಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಯಿತೇ? ಎಲೆ, ಕಡ್ಡಿ ತೇಲಿಬರುತ್ತಿವೆಯೇ? ಸದ್ದು ದಪ್ಪಗಾಯಿತೇ? ಫೋಟೊ ಆಮೇಲೆ, ಮೊದಲು ದಂಡೆ ಬಿಟ್ಟು ಎತ್ತರಕ್ಕೆ ಹೋಗಿ. ಹಿಮ ಕರಗಿ ಹರಿಯುವ ತೊರೆಯದು ಬೇರೆ ಲೆಕ್ಕ. ಬೆಳಗ್ಗೆ ಸುಲಭವಾಗಿ ದಾಟಿದ್ದು ಬಿಸಿಲೇರಿದ ಮೇಲೆ ಮಧ್ಯಾಹ್ನ ಉಕ್ಕುತ್ತದೆ.

ಎಷ್ಟೇ ತಿಳಿಯಾಗಿದ್ದರೂ ನೀರನ್ನು ಹಾಗೇ ಕುಡಿಯಬೇಡಿ. ಭೇದಿ ತರುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಕಣ್ಣಿಗೆ ಕಾಣುವುದಿಲ್ಲ. ಒಂದು ನಿಮಿಷ ಕುದಿಸಿ, 2,000 ಮೀಟರ್‌ಗಿಂತ ಎತ್ತರದಲ್ಲಾದರೆ ಮೂರು ನಿಮಿಷ. ಬಹಿರ್ದೆಸೆಗೆ ತೊರೆಯಿಂದ 60 ಮೀಟರ್ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ ಮುಚ್ಚಿ.

ಕೊನೆಗೆ, ದಾರಿ ತಪ್ಪಿದರೆ? 'ನೀರಿನ ಜೊತೆ ಇಳಿದರೆ ಊರು ಸಿಗುತ್ತದೆ' ಎಂಬ ಮಾತು ಕೇಳಿರುತ್ತೀರಿ. ಊರಿಗಿಂತ ಮೊದಲು ಜಲಪಾತ ಸಿಕ್ಕೀತು, ಹತ್ತಲೂ ಇಳಿಯಲೂ ಆಗದ ಕಮರಿ ಸಿಕ್ಕೀತು. ಹಳ್ಳ ಹಿಡಿಯುವುದು ಎಂದರೆ ಇದೇ. ಗುರುತಿರುವ ಜಾಗದವರೆಗೆ ಬಂದ ದಾರಿಯಲ್ಲೇ ಹಿಂದಿರುಗಿ. ಅದೂ ಗೊತ್ತಾಗದಿದ್ದರೆ ಒಂದು ಕಡೆ ಕೂತು ಸೀಟಿ ಊದಿ: ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ದಂಡೆಯ ಮೇಲೇ ಕೂತು ಊದಿದರೆ ನೀರಿನ ಸದ್ದು ಸೀಟಿಯನ್ನು ನುಂಗಿಬಿಡುತ್ತದೆ, ಹುಡುಕುವವರ ಕೂಗೂ ನಿಮಗೆ ಕೇಳಿಸುವುದಿಲ್ಲ. ಸ್ವಲ್ಪ ದೂರ ಸರಿದು ಕೂರಿ.