ಥಂಡ್ಯಾಗ ಗೆಳೆಯರ ಜೊತೆ 10 ಕಿ.ಮೀ. ಓಡೋರಿಗೆ

ಜನವರಿ ಓಟಕ್ಕೆ ಹೆಸರು ಕೊಟ್ಟಿರೋ ಕೊಪ್ಪಳದ ಅಣ್ಣ, ಅಕ್ಕಂದಿರೇ, ಥಂಡಿ ಅಂತ ಸ್ವೆಟರ್ ಹಾಕ್ಕೊಂಡು ಓಡಬ್ಯಾಡ್ರಿ. ನಮ್ಮ ಕಡೆ ಥಂಡಿ ಬಿಸಿಲು ಏರೋತನಕ ಅಷ್ಟೇ. ಹತ್ತು ನಿಮಿಷ ಓಡಿದರೆ ಮೈ ತಾನೇ ಕಾಯುತ್ತೆ, ಆಮೇಲೆ ಸ್ವೆಟರ್ ಬೆವರು ಕುಡಿದು ಭಾರ ಆಗುತ್ತೆ. ಶುರುವಿನಲ್ಲಿ ನಿಂತಾಗ ಸ್ವಲ್ಪ ಚಳಿ ಅನ್ನಿಸಬೇಕು, ಅಷ್ಟು ತೆಳು ಬಟ್ಟೆ ಸರಿ. ಹತ್ತಿಯದು ಬೇಡ, ಬೇಗ ಒಣಗೋ ಪಾಲಿಸ್ಟರ್ ಟೀ-ಶರ್ಟ್ ಒಳ್ಳೇದು. ಮುನಿರಾಬಾದ್ ಕಡೆ ಗಾಳಿ ಜೋರಿದ್ದರೆ ಕಿವಿಗೆ ಒಂದು ತೆಳು ಬಟ್ಟೆ ಸಾಕು. ಎದುರುಗಾಳಿ ಇದ್ದಾಗ ಒಬ್ಬೊಬ್ಬರೇ ಪಾಳಿ ಪ್ರಕಾರ ಮುಂದೆ ಓಡ್ರಿ, ಹಿಂದಿನವರಿಗೆ ಶ್ರಮ ಕಡಿಮೆ ಆಗುತ್ತೆ.

ಓಡೋಕೆ ಮುಂಚೆ ಹತ್ತು ನಿಮಿಷ ಬಿರುಸಾಗಿ ನಡೀರಿ. ಥಂಡಿ ಸ್ನಾಯು ಬಿಗಿಯಾಗಿರುತ್ತೆ, ಒಮ್ಮೆಲೇ ಜೋರು ಓಡಿದರೆ ಮೀನಖಂಡ ಹಿಡಕೊಳ್ಳುತ್ತೆ.

ವೇಗದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಗುಂಪಿನಲ್ಲಿ ನಿಧಾನ ಇರೋರ ವೇಗವೇ ಎಲ್ಲರ ವೇಗ. ಪೂರ್ತಿ ವಾಕ್ಯ ಮಾತಾಡ್ತಾ ಓಡೋಕೆ ಆಗಬೇಕು. ಉಸಿರು ಸಾಲದೆ ಮಾತು ತುಂಡಾದರೆ ಸ್ವಲ್ಪ ನಡೀರಿ, ಅದರಲ್ಲಿ ನಾಚಿಕೆ ಏನಿಲ್ಲ. ಥಂಡಿಯಲ್ಲಿ ಬಾಯಾರಿಕೆ ಗೊತ್ತಾಗಲ್ಲ, ಆದರೂ ನಡುನಡುವೆ ಎರಡೆರಡು ಗುಟುಕು ನೀರು ಕುಡೀರಿ. ಹೊಸ ಬೂಟು ಅವತ್ತೇ ಹಾಕಬ್ಯಾಡ್ರಿ.

ಮುಗಿದ ಕೂಡಲೇ ಒಣ ಅಂಗಿ ಬದಲಿಸ್ರಿ, ಇದನ್ನ ಬಹಳ ಮಂದಿ ಮರೀತಾರೆ. ಫೋಟೋ, ಒಗ್ಗರಣೆ-ಮಿರ್ಚಿ ಎಲ್ಲಾ ಅದಾದ ಮೇಲೆ. ಹೃದಯದ ತೊಂದರೆ, ಉಬ್ಬಸ ಇರೋರು ಮಾತ್ರ ಮೊದಲು ಡಾಕ್ಟರ್‌ನ ಕೇಳಿ ಬರ್ರಿ.