ನಮ್ಮ ಹೊಯ್ಗೆ ಅಂಗಳ ಮೂರು ಮಳೆಗಾಲ ದಾಟಿತು

ಮುಂಬೈಯ ಮುಲುಂಡ್ ಪೂರ್ವದ ನಮ್ಮ ಹೌಸಿಂಗ್ ಸೊಸೈಟಿಯ ಹಿತ್ತಲಲ್ಲಿ ಮಕ್ಕಳಿಗೆ ಆಡಲು ಹೊಯ್ಗೆ (ಮರಳು) ಹೊಂಡ, ಟೈರ್ ಉಯ್ಯಾಲೆ ಮಾಡೋಣ ಅಂದಾಗ ಮೀಟಿಂಗ್‌ನಲ್ಲಿ ಕೈ ಎತ್ತಿದವರು ನಾಲ್ಕೇ ಜನ. "ಮುಂಬೈ ಮಳೆಗೆ ಹೊಯ್ಗೆ ನಿಲ್ಲುತ್ತದಾ?" ಎಂದು ಒಬ್ಬರು. "ಬೆಕ್ಕುಗಳಿಗೆ ಒಳ್ಳೆ ಜಾಗ ಆಯಿತು" ಎಂದು ಇನ್ನೊಬ್ಬರು. ಈಗ ಮೂರು ಮಳೆಗಾಲ ಕಳೆದಿದೆ. ಸಂಜೆ ಐದೂವರೆಗೆ ಬಂದು ನೋಡಿ, ಕಡಿಮೆ ಅಂದರೂ 25 ಮಕ್ಕಳು ಇರುತ್ತಾರೆ. ಪಕ್ಕದ ಎರಡು ಸೊಸೈಟಿಯವರು ಟೇಪ್ ಹಿಡಿದು ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಮೊದಲು ಅದೇ ಜಾಗದಲ್ಲಿ ಒಬ್ಬ ಕಾಂಟ್ರಾಕ್ಟರ್ ಹಾಕಿಕೊಟ್ಟ ಫೈಬರ್ ಜಾರುಬಂಡಿ ಸೆಟ್ ಇತ್ತು. ಸುಮಾರು 1.8 ಲಕ್ಷ ಕೊಟ್ಟಿದ್ದೆವು. ಎರಡೇ ವರ್ಷದಲ್ಲಿ ಬೋಲ್ಟ್ ತುಕ್ಕು ಹಿಡಿಯಿತು, ಜಾರುವ ಕಡೆ ಸೀಳು ಬಿಟ್ಟಿತು. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಕೈ ಇಡುವ ಹಾಗಿರಲಿಲ್ಲ. ಅದಕ್ಕಿಂತ ನನಗೆ ಬೇಜಾರಾಗಿದ್ದು ಬೇರೆ. ಮಕ್ಕಳು ಹತ್ತು ನಿಮಿಷ ಜಾರಿ ಎದ್ದು ಹೋಗುತ್ತಿದ್ದರು. ಅದೇ ನನ್ನ ಮಗಳು ಜುಹು ಚೌಪಾಟಿಯಲ್ಲಿ ಒಂದು ಚಪ್ಪಲಿಯನ್ನೇ ಸಲಿಕೆ ಮಾಡಿಕೊಂಡು ಎರಡು ಗಂಟೆ ಕದಲುವುದಿಲ್ಲ. ಮಲಬಾರ್ ಹಿಲ್‌ನ ಕಮಲಾ ನೆಹರು ಪಾರ್ಕ್‌ಗೆ ಕರೆದುಕೊಂಡು ಹೋದರೂ ಅಷ್ಟೇ. ಅಲ್ಲಿನ ಬೂಟಿನ ಆಕಾರದ ದೊಡ್ಡ ಮನೆಗೆ ಒಂದು ಸಲ ಹತ್ತಿ ಇಳಿದಳು, ಆಮೇಲೆ ಗಿಡದ ಬುಡದ ಮಣ್ಣು ಕೆದಕುತ್ತಾ ಕೂತಳು. ಹೊಯ್ಗೆಯೇ ಬೇಕು ಎಂದು ಆವತ್ತೇ ನನಗೆ ಗೊತ್ತಾಯಿತು.

ಹೊಯ್ಗೆ ನಮ್ಮ ಕರಾವಳಿಯ ಮಾತು. ಮೂರನೇ ಮಹಡಿಯ ಧಾರವಾಡದ ಅಜ್ಜಿಗೆ ಅದು ಉಸುಕು, ಇಲ್ಲಿನ ಅಂಗಡಿಯವನಿಗೆ ರೇತಿ. ಯಾವ ಹೆಸರಿನಲ್ಲಿ ಕೇಳಿದರೂ ಸರಿಯಾದದ್ದು ಸಿಗಲು ನನಗೆ ಒಂದು ವರ್ಷ ಬೇಕಾಯಿತು. ದುಡ್ಡು ಉಳಿಸೋಣ ಅಂತ ಮೊದಲು ಕಲ್ಲು ಪುಡಿ ಮಾಡಿದ ಕ್ರಷ್ ಸ್ಯಾಂಡ್ ಹಾಕಿಸಿದೆ. ದೊಡ್ಡ ತಪ್ಪು. ಒಣಗಿದಾಗ ಬಿಳಿ ಪುಡಿ ಏಳುತ್ತದೆ, ಮಕ್ಕಳು ಕೆಮ್ಮುತ್ತಾರೆ. ನೆನೆದು ಒಣಗಿದರೆ ಗಾರೆ ನೆಲದ ಹಾಗೆ ಗಟ್ಟಿ. ಅದರ ಮೇಲೆ ಬಿದ್ದರೂ ಒಂದೇ, ಕಾಂಕ್ರೀಟ್ ಮೇಲೆ ಬಿದ್ದರೂ ಒಂದೇ. ಒಂಬತ್ತು ಸಾವಿರ ನೀರಿಗೆ ಹೋಯಿತು, ತೆಗೆಸಲು ಮತ್ತೆ ಎರಡೂವರೆ ಸಾವಿರ. ಸಮುದ್ರದ ಹೊಯ್ಗೆ ತರೋಣ ಎಂದವರೂ ಇದ್ದರು. ಅದನ್ನು ಎತ್ತುವುದು ಕಾನೂನಿಗೆ ವಿರುದ್ಧ, ಮೇಲಾಗಿ ಉಪ್ಪಿಗೆ ಚೈನು, ಬೋಲ್ಟ್ ಎಲ್ಲ ತಿಂದುಹೋಗುತ್ತವೆ. ಕೊನೆಗೆ ತೊಳೆದ, ಗುಂಡು ಕಾಳಿನ ನದಿ ಹೊಯ್ಗೆ ತಂದೆ. 2 ಬ್ರಾಸ್‌ಗೆ, ಅಂದರೆ 200 ಘನ ಅಡಿಗೆ, ಸಾಗಾಟ ಸೇರಿ 20 ಸಾವಿರದ ಹತ್ತಿರ ಬಿತ್ತು. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಕೈಗೆ ಬೂದಿಯ ಹಾಗೆ ಮೆತ್ತಿಕೊಂಡರೆ ಅದು ಬೇಡವೇ ಬೇಡ.

ಮೊದಲ ಮಳೆಗಾಲ ಮರೆಯುವ ಹಾಗಿಲ್ಲ. ಇಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚು ಕಡಿಮೆ ಎಲ್ಲವೂ ನಾಲ್ಕೇ ತಿಂಗಳಲ್ಲಿ. ನಾನು ಹೊಂಡದ ತಳದಲ್ಲಿ ಹಸಿರು ನೆಟ್ ಹಾಸಿ ಮೇಲೆ ಹೊಯ್ಗೆ ಸುರಿದಿದ್ದೆ. ಜುಲೈ ಹೊತ್ತಿಗೆ ಹೊಂಡ ಕೆರೆಯಾಗಿತ್ತು. ಟೈರುಗಳೊಳಗೆ ನೀರು ನಿಂತು ಸೊಳ್ಳೆ ಮರಿ ಕುಣಿಯುತ್ತಿದ್ದವು. ಡೆಂಗಿ ಸೊಳ್ಳೆಗೆ ಟೈರಿನಷ್ಟು ಇಷ್ಟವಾದ ಮನೆ ಬೇರೆ ಇಲ್ಲ. ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ಬಿದ್ದ ಕೂಡಲೇ ಮರಿ. ಪುಣ್ಯಕ್ಕೆ ನಮ್ಮಲ್ಲಿ ಯಾರಿಗೂ ಜ್ವರ ಬರಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆಯೇ ಎಲ್ಲ ಟೈರು ತೆಗೆಸಿದೆ. ಸೆಕ್ರೆಟರಿ ಅಂತೂ, "ಇನ್ನು ಇದನ್ನು ಮುಚ್ಚಿಬಿಡಿ" ಎಂದರು.

ಮುಚ್ಚಲಿಲ್ಲ. ಮಳೆ ನಿಂತ ಮೇಲೆ ಪೂರ್ತಿ ಅಗೆಸಿದೆ. ಹೊಂಡ 12 ಅಡಿಗೆ 14 ಅಡಿ, ಆಳ ಎರಡು ಅಡಿ. ತಳವನ್ನು ಗಟಾರದ ಕಡೆಗೆ ನಾಲ್ಕು ಇಂಚು ಇಳಿಜಾರು ಮಾಡಿ ತೂತಿನ ಪಿವಿಸಿ ಪೈಪ್ ಮಲಗಿಸಿದೆ. ಅದರ ಮೇಲೆ ಅರ್ಧ ಅಡಿ ಖಡಿ (ಜಲ್ಲಿಕಲ್ಲು), ಖಡಿಯ ಮೇಲೆ ಟೆರೇಸ್ ಗಾರ್ಡನ್‌ನವರು ಬಳಸುವ, ನೀರು ಬಿಟ್ಟು ಹೊಯ್ಗೆ ತಡೆಯುವ ಜಿಯೋ ಬಟ್ಟೆ, ಆಮೇಲೆ ಹೊಯ್ಗೆ. ಹೊಯ್ಗೆ 12 ಇಂಚಿಗಿಂತ ಕಡಿಮೆಯಾಗಲು ನಾನು ಬಿಡುವುದಿಲ್ಲ, ಮಕ್ಕಳು ಬೀಳುವುದು ಅಲ್ಲೇ ಅಲ್ವಾ. ಅಂಚು ಸುತ್ತಲಿನ ನೆಲಕ್ಕಿಂತ ಆರು ಇಂಚು ಎತ್ತರ. ಹೊರಗಿನ ನೀರು ಒಳಗೆ ಬರದಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ಪೈಪಿನ ಬಾಯಿ ಕಟ್ಟದ ಹಾಗೆ ಇನ್ನೊಂದು ಕೆಲಸ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದವರಿಗೆ ತೋರಿಸುತ್ತೇನೆ. ಮಳೆಮರದ ಬುಡದಿಂದ ಸಾಕಷ್ಟು ದೂರ ಉಳಿದೆ. ಬೇರು ಕಡಿದು ನೆರಳು ಕಳೆದುಕೊಂಡರೆ ಮೇ ತಿಂಗಳಲ್ಲಿ ಯಾರು ಆಡುತ್ತಾರೆ?

ಟೈರಿನ ಪಾಠವೂ ಸುಲಭಕ್ಕೆ ಸಿಗಲಿಲ್ಲ. ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್‌ನವರು ಹಳೆ ಟೈರುಗಳಿಂದ ಕಟ್ಟುವ ಆಟದ ಅಂಗಳಗಳ ಫೋಟೋ ನೋಡಿ ನಾನೂ ಕೈ ಹಾಕಿದ್ದು. ಆದರೆ ಕಾರಿನ ರೇಡಿಯಲ್ ಟೈರು ಕೊಯ್ದರೆ ಒಳಗಿನ ಸ್ಟೀಲ್ ತಂತಿ ಹೊರಗೆ ಬರುತ್ತದೆ. ಒಬ್ಬ ಹುಡುಗನ ಮೊಣಕಾಲು ಗೀರಿತು. ಆ 14 ಟೈರನ್ನೂ ಗುಜರಿಗೆ ಕೊಟ್ಟೆ. ಈಗ ಕೊಯ್ಯುವುದಕ್ಕೆ, ನೇತು ಹಾಕುವುದಕ್ಕೆ ನೈಲಾನ್ ದಾರದ ಟೈರು ಮಾತ್ರ. ತೂತು ಕೊರೆಯುವಾಗ ಡ್ರಿಲ್‌ಗೆ ಸೋಪಿನ ನೀರು. ಒಂದೊಂದಕ್ಕೂ ಕೆಳಭಾಗದಲ್ಲಿ ಬೆರಳು ತೂರುವಷ್ಟು ದೊಡ್ಡ ಐದು ತೂತು, ಆಮೇಲೆ ಒಂದು ಚೊಂಬು ನೀರು ಸುರಿದು ಪರೀಕ್ಷೆ. ಅರ್ಧ ನೆಲಕ್ಕೆ ಹೂಳುವ ಟೈರಿಗೆ ಪೂರ್ತಿ ಮಣ್ಣು ಗಿಡಿದು ತುಂಬಬೇಕು. ಉಯ್ಯಾಲೆಯ ಚೌಕಟ್ಟು ಎರಡೂವರೆ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್. ವೆಲ್ಡರ್ ಕೂಲಿ ಸೇರಿ 13 ಸಾವಿರ ಅಂತ ನೆನಪು.

ಬಣ್ಣದ್ದು ಇನ್ನೊಂದು ಕಥೆ. ಮನೆಯಲ್ಲಿ ಉಳಿದಿದ್ದ ಆಯಿಲ್ ಪೇಂಟ್ ಬಳಿದೆ. ಒಂದು ವಾರವಾದರೂ ಅಂಟಂಟು, ಮಕ್ಕಳ ಚಡ್ಡಿಗೆಲ್ಲ ಹತ್ತಿಕೊಂಡು ತಾಯಂದಿರ ಕೈಲಿ ಬೈಸಿಕೊಂಡೆ. ಟೈರನ್ನು ಸೋಪಿನಲ್ಲಿ ತಿಕ್ಕಿ ಒಣಗಿಸಿ, ಹೊರಗೋಡೆಗೆ ಬಳಿಯುವ ಅಕ್ರಿಲಿಕ್ ಹಚ್ಚಿದ ಮೇಲೆ ಸರಿಯಾಯಿತು.

ಬೆಕ್ಕು ಬರದ ಹಾಗೆ ಹೊಂಡಕ್ಕೆ ತಾಡಪತ್ರೆ ಹೊದಿಸಿ ನೋಡಿದೆ. ಒಳಗೆ ಗಾಳಿಯಿಲ್ಲದೆ ಹೊಯ್ಗೆ ನಾರಿತು. ಈಗ ರಾತ್ರಿ ಮೀನಿನ ಬಲೆಯಂಥ ದಪ್ಪ ನೆಟ್ ಎಳೆದು ನಾಲ್ಕು ಮೂಲೆಗೆ ಕಟ್ಟುತ್ತೇವೆ. ಬೆಳಿಗ್ಗೆ ಬಿಚ್ಚಿ, ಕುಂಟೆಯಿಂದ ಎಳೆದು ಬಿಸಿಲು ಕಾಣಿಸುತ್ತೇವೆ. ಮಾಲಿಗೆ ಈ ಕೆಲಸಕ್ಕೆ ತಿಂಗಳಿಗೆ 600 ರೂಪಾಯಿ ಜಾಸ್ತಿ.

ಸುಮ್ನೆ ಮಾಡಿ ನೋಡಿದ ಒಂದು ಪ್ರಯೋಗ ಎಲ್ಲಕ್ಕಿಂತ ಚೆನ್ನಾಗಿ ಕೂತಿತು. ಮಾಟುಂಗದ ಹೋಟೆಲಿನಲ್ಲಿ ಕೆಲಸ ಮಾಡುವ ನಮ್ಮೂರಿನವರೊಬ್ಬರು ಸೊಟ್ಟಗಾದ ಇಡ್ಲಿ ತಟ್ಟೆ, ಹಿಡಿ ಮುರಿದ ಸೌಟು ಕೊಟ್ಟರು. ಹೊಂಡದ ಪಕ್ಕ ಹಳೆ ಕಡಪಾ ಕಲ್ಲಿನ ಕಟ್ಟೆ ಮಾಡಿ ಅಲ್ಲಿಟ್ಟೆ. ನಾಲ್ಕು ವರ್ಷದ ಒಬ್ಬಳು ಒದ್ದೆ ಹೊಯ್ಗೆಯನ್ನು ಹೆಬ್ಬೆರಳಿನಿಂದ ಗುಳಿಗೆ ಒತ್ತಿ, ತಟ್ಟೆ ಮಗುಚಿ, ಒಂದೂ ಒಡೆಯದ ಹಾಗೆ ನಿಧಾನ ಎತ್ತುತ್ತಾಳೆ. ಒಡೆದರೆ ಮತ್ತೆ ಮೊದಲಿನಿಂದ. ಹತ್ತು ಸಾವಿರದ ಆಟಿಕೆ ಇಷ್ಟು ಹೊತ್ತು ಕೂರಿಸುವುದಿಲ್ಲ.

ಮಣ್ಣು ಕೊಳೆ ಎನ್ನುವವರಿಗೆ ನಾನು ಮಾತಿನಲ್ಲಿ ಉತ್ತರ ಕೊಡಲಿಲ್ಲ. ಒಂದು ಭಾನುವಾರ ಐದಾರು ಮನೆಯವರನ್ನು ಧಾರಾವಿ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕ್‌ಗೆ ಕರೆದುಕೊಂಡು ಹೋದೆ. ಒಂದು ಕಾಲಕ್ಕೆ ಊರಿನ ಕಸ ಸುರಿಯುತ್ತಿದ್ದ 37 ಎಕರೆ ಇವತ್ತು ಕಾಡಾಗಿದೆ. ಮಕ್ಕಳು ಬರಿಗಾಲಲ್ಲಿ ಓಡಿದರು, ಯಾರೂ ತಡೆಯಲಿಲ್ಲ. ಧಾರವಾಡದ ಅಜ್ಜಿಯೂ ಬಂದಿದ್ದರು. "ಉಸುಕಿನ್ಯಾಗ ಆಡಿದ್ರ ಏನಾಗತೈತ್ರಿ? ಕೈ ತೊಳದ್ರ ಆತು, ಆಡ್ಲಿ ಬಿಡ್ರಿ" ಎಂದು ಎಲ್ಲರೆದುರು ಹೇಳಿದ್ದು ಅವರೇ. ಮರುವಾರವೇ ಹೊಂಡದ ಪಕ್ಕ ನಲ್ಲಿ ಹಾಕಲು ಒಪ್ಪಿಗೆ ಸಿಕ್ಕಿತು.

ತಪ್ಪುಗಳನ್ನೂ ಸೇರಿಸಿ ಒಟ್ಟು 64 ಸಾವಿರದ ಆಸುಪಾಸು ಆಗಿದೆ. ಫೈಬರ್ ಸೆಟ್ಟಿನ ಅರ್ಧವೂ ಅಲ್ಲ. ಈ ಸಲ ಮೇ ಕೊನೆಯಲ್ಲಿ ಎಂಟು ಚೀಲ ಹೊಯ್ಗೆ ತುಂಬಿಸಿದೆ. ಉಯ್ಯಾಲೆಯ ಮೇಲಿನ ಒಂದು ಕೊಂಡಿ ಕಾಲುಭಾಗ ಸವೆದಿತ್ತು, ಮೂರನ್ನೂ ಬದಲಿಸಿದೆ. ನೀವು ಮಾಡುವುದಾದರೆ ಮಳೆಗೆ ಮುಂಚೆ ಏಣಿ ಹತ್ತಿ ಆ ಕೊಂಡಿಗಳನ್ನು ಕೈಯಲ್ಲಿ ಹಿಡಿದೇ ನೋಡಿ, ಕೆಳಗಿನಿಂದ ಏನೂ ಕಾಣುವುದಿಲ್ಲ.