ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿಟ್ಟು ರಾಗ ಸಂಯೋಜನೆ ಕಲಿಸಿದ್ದು

"ಹಾಡೋದು ಕಲಿಸಬಹುದು, ನುಡಿಸೋದು ಕಲಿಸಬಹುದು. ರಾಗ ಹಾಕೋದು ಮಾತ್ರ ಹುಟ್ಟಿನಿಂದ ಬರಬೇಕು." ಮೈಸೂರಿನ ಸುಗಮ ಸಂಗೀತದ ಬಳಗದಲ್ಲಿ ಇಪ್ಪತ್ತು ವರ್ಷದಿಂದ ಕೀಬೋರ್ಡು, ಹಾರ್ಮೋನಿಯಂ ನುಡಿಸಿಕೊಂಡು ಬಂದವನು ನಾನು. ಈ ಮಾತು ಕೇಳಿಬರದ ಗ್ರೀನ್ ರೂಮು ಒಂದನ್ನೂ ಕಂಡಿಲ್ಲ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಸಂಯೋಜನೆ ಪಾಠ ಶುರು ಮಾಡ್ತೀನಿ ಅಂದಾಗ ನಮ್ಮ ತಬಲಾದವನು ನಕ್ಕಿದ್ದು ಇನ್ನೂ ನೆನಪಿದೆ. "ಜಾತಕ ನೋಡಿ ಸೇರಿಸ್ಕೋತೀಯಾ?" ಅಂದಿದ್ದ. ಇಲ್ಲಿಯವರೆಗೆ ಹದಿನಾಲ್ಕು ಜನ ಕಲಿತಿದ್ದಾರೆ. ಅದರಲ್ಲಿ ಒಂಬತ್ತು ಜನ ಈಗ ನನ್ನನ್ನು ಕೇಳದೆ ಟ್ಯೂನ್ ಹಾಕುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳಕೊಂಡದ್ದರ ಲೆಕ್ಕ. 2017ರ ಸುಮಾರಿಗೆ ಕುವೆಂಪುನಗರದಲ್ಲಿ ಒಂದು ರೂಮು ಹಿಡಿದೆ, ಬಾಡಿಗೆ ನಾಲ್ಕೂವರೆ ಸಾವಿರ. ಭಾನುವಾರದ ಬ್ಯಾಚು, ಎಂಟು ಜನ, ತಲೆಗೆ ತಿಂಗಳಿಗೆ 1,200. ಮೂರನೇ ತಿಂಗಳಿಗೆ ಉಳಿದವರು ಮೂವರು. ಯಾರಿಗೆ ಗಂಟಲು ದೊಡ್ಡದೋ ಅವರ ಟ್ಯೂನೇ ಉಳಿದವರ ಬಾಯಲ್ಲೂ ಬರುತ್ತಿತ್ತು. ನಾನೂ ಕಡಿಮೆಯಿಲ್ಲ, ಮೇಳಕರ್ತದ, ಅಂದರೆ ಮೂಲರಾಗಗಳ, ಪಟ್ಟಿ ಬರೆಸಿದೆ, ಅವುಗಳಿಂದ ಹುಟ್ಟಿದ ಜನ್ಯರಾಗ ಬರೆಸಿದೆ, ನೋಟ್ಸ್ ತುಂಬಿತು. ಹಾಡು ಒಂದೂ ಹುಟ್ಟಲಿಲ್ಲ. ಐದು ತಿಂಗಳಿಗೆ ಬೀಗ ಹಾಕಿದೆ. ಬೋರ್ಡು, ಜಮಖಾನ, ಬಣ್ಣ ಬಳಿಸಬೇಕು ಅಂತ ಅಡ್ವಾನ್ಸಿನಲ್ಲಿ ಮುರಿದುಕೊಂಡದ್ದು ಎಲ್ಲ ಸೇರಿ ಹದಿನೆಂಟು ಸಾವಿರ ಹೋಗಿರಬೇಕು.

ಆಮೇಲೆ ಮನೆಯಲ್ಲೇ, ಒಬ್ಬರಿಗೆ ಒಂದು ಗಂಟೆ. ಇದೂ ಒಂದು ವರ್ಷ ಹಾಳಾಯಿತು, ಕಾರಣ ನಾನೇ. ಕಲಿಯುವವರು ಎರಡು ಸಾಲು ಹಾಡುತ್ತಿದ್ದರು, ನನ್ನ ಕೈ ಸುಮ್ಮನಿರುತ್ತಿರಲಿಲ್ಲ. "ಇಲ್ಲಿ ಹೀಗೆ ಬಂದ್ರೆ?" ಅಂತ ಬೆಲ್ಲೋಸ್ ಒತ್ತಿ ನುಡಿಸಿಬಿಡುತ್ತಿದ್ದೆ. ಅವರು "ಆಹಾ ಸರ್" ಅಂದು ಅದನ್ನೇ ರೆಕಾರ್ಡ್ ಮಾಡಿಕೊಂಡು ಹೋಗುತ್ತಿದ್ದರು. ಒಂದು ಸಂಜೆ ಅಡುಗೆಮನೆಯಿಂದ ಹೆಂಡತಿ ಅಂದಳು: "ಬರೋ ಜನ ಬೇರೆ ಬೇರೆ, ಹಾಡೆಲ್ಲ ನಿಮ್ಮದೇ ಥರ ಕೇಳುತ್ತಲ್ಲ?" ಅವತ್ತೇ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿ ಮಂಚದ ಕೆಳಗೆ ತಳ್ಳಿದೆ. ಈಗಲೂ ಮೊದಲ ತಿಂಗಳು ಅದು ಹೊರಗೆ ಬರುವುದಿಲ್ಲ. ಮೊಬೈಲಿನಲ್ಲಿ ತಂಬೂರಿ ಮಾತ್ರ.

ನನ್ನ ಕ್ರಮ ಇಷ್ಟೇ: ಒಬ್ಬ ಶಿಷ್ಯ, ನಾಲ್ಕು ಸಾಲಿನ ಒಂದು ಪದ್ಯ, ಒಂದು ತಿಂಗಳು. ಮೊದಲ ವಾರ ಸ್ವರವೇ ಇಲ್ಲ. ಸಾಲನ್ನು ಓದುವುದು, ತೊಡೆಯ ಮೇಲೆ ಮಾತ್ರೆ, ಅಂದರೆ ಅಕ್ಷರಗಳ ಕಾಲದ ಎಣಿಕೆ, ತಟ್ಟುವುದು. ಎರಡನೇ ವಾರ ಸ ರಿ ಗ, ಮೂರೇ ಸ್ವರದಲ್ಲಿ ನಾಲ್ಕೂ ಸಾಲು ಮುಗಿಸಬೇಕು. ಗಾಂಧಾರವನ್ನು, ಅಂದರೆ ಆ ಗ ಸ್ವರವನ್ನು, 'ಅಂತರ' ಅನ್ನುವ ಮೇಲಿನ ರೂಪದಿಂದ 'ಸಾಧಾರಣ' ಅನ್ನುವ ಕೆಳಗಿನ ರೂಪಕ್ಕೆ ಇಳಿಸಿ ಅದನ್ನೇ ಇನ್ನೊಮ್ಮೆ. ಮೂರನೇ ವಾರ ಒಂದು ಆಟ ಆಡಿಸುತ್ತೇನೆ, ಅದನ್ನಿಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು. ನಾಲ್ಕನೇ ವಾರ ರಾಗ, ಪಲ್ಲವಿ ಎಲ್ಲಿ ಅನ್ನುವ ತೀರ್ಮಾನ. ಮೋಹನ ರಾಗಕ್ಕೆ ಮೂರು ತಿಂಗಳು ನಿಷೇಧ, ಹಿಂದೂಸ್ತಾನಿಯವರ ಭೂಪ್ ಅಂತ ಹೆಸರು ಬದಲಿಸಿ ತಂದರೂ ಅಷ್ಟೆ. ಮೋಹನಕ್ಕೆ ಹಾಕಿದರೆ ದಿನಸಿ ಚೀಟಿಯೂ ಹಾಡಾಗಿಬಿಡುತ್ತದೆ, ಕಲಿಯುವುದು ಏನೂ ಇರುವುದಿಲ್ಲ.

ಮಾತ್ರೆ ತಟ್ಟಿಸುವುದು ಯಾಕೆ ಅನ್ನುವವರಿಗೆ ಒಂದು ಉದಾಹರಣೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ತಾವೇ ಬರೆದ ಪದ್ಯ ತಂದರು (ಕೇಳಿಯೇ ಇಲ್ಲಿ ಹಾಕಿದ್ದೇನೆ):

ಮಳೆಯು ಬಂದಿತು ಮನೆಯ ಮುಂದಕೆ
ಕೊಡೆಯು ಇಲ್ಲದೆ ನೆನೆದು ನಿಂತೆನು

ಮೂರು ನಾಲ್ಕು, ಮೂರು ನಾಲ್ಕು. ಭಾಮಿನಿ ಷಟ್ಪದಿಯ ನಡೆ ಗೊತ್ತಿಲ್ಲದೆಯೇ ಕಿವಿಯಿಂದ ಬಂದಿದೆ. ಆದರೆ ಅವರು ಹಾಕಿದ್ದು ಎಂಟು ಮಾತ್ರೆಯ ಕೆಹರ್ವಾ ತಾಳ. ಏಳನ್ನು ಎಂಟಕ್ಕೆ ಕೂರಿಸಲು ಒಂದು ಮಾತ್ರೆ ಎಳೆಯಲೇಬೇಕು, ಎಳೆದದ್ದು "ಯು" ಮೇಲೆ. "ಮಳೆಯೂ ಬಂದಿತು." ಮಳೆಯೂ ಅಂದರೆ ಜೊತೆಗೆ ಇನ್ನೇನು ಬಂತು ಸರ್, ನೆಂಟರಾ ಅಂದೆ. ಎರಡನೇ ಸಾಲಿನಲ್ಲಿ "ಇಲ್ಲದೆ"ಯ ಒತ್ತಿನ ಮೇಲೆ ನಿಂತು "ಇಲ್‌...ಲದೆ" ಅಂತ ನಾಲಿಗೆ ಅಂಟಿಸಿಕೊಂಡಿದ್ದರು. ಸ್ವರ ನಿಲ್ಲಬೇಕಾದದ್ದು "ಇ" ಮೇಲೆ.

ಏಳು ಮಾತ್ರೆಯ ಮಿಶ್ರಛಾಪು ತಾಳಕ್ಕೆ ತಂದ ಕೂಡಲೇ ಸಾಲು ತಾನಾಗಿ ಕೂತಿತು. ಹದಿನಾಲ್ಕು ಮಾತ್ರೆಯ ದೀಪಚಂದಿ ಹಿಡಿದರೂ ಅಷ್ಟೆ, ತಾಳದ ಒಂದು ಸುತ್ತಿಗೆ ಒಂದು ಸಾಲು ಸರಿಯಾಗಿ ತುಂಬುತ್ತದೆ. ಅವರಿಗೆ ಕೆಹರ್ವಾವೇ ಬೇಕಿತ್ತು, ಆಫೀಸಿನ ರಾಜ್ಯೋತ್ಸವದಲ್ಲಿ ಹಾಡಬೇಕು, ಕೊಲೀಗ್‌ಗಳಿಗೆ ಚಪ್ಪಾಳೆ ತಟ್ಟಲು ಬರಬೇಕು. ಆಗ ಎರಡನೇ ದಾರಿ: ಮೊದಲ ಮಾತ್ರೆ ಖಾಲಿ ಬಿಟ್ಟು ಅನಾಗತದಲ್ಲಿ ಎತ್ತುವುದು. ಒಂದು ಮೌನ, ಮೂರು, ನಾಲ್ಕು. ಒಟ್ಟು ಎಂಟು. "ಬಂದಿತು"ವಿನ "ಬಂ" ನೆಟ್ಟಗೆ ಐದನೇ ಮಾತ್ರೆಗೆ ಬಿತ್ತು, ಯಾವ ಅಕ್ಷರವನ್ನೂ ಎಳೆಯಬೇಕಾಗಲಿಲ್ಲ. ಇದನ್ನು ನಾನು ಹೇಳಿಕೊಡಲಿಲ್ಲ. ಸುಮ್ಮನೆ ಕೂತೆ. ಹನ್ನೊಂದು ನಿಮಿಷ ತಟ್ಟಿ ತಟ್ಟಿ ಅವರೇ ಹುಡುಕಿದರು. ಒಬ್ಬರಿಗೆ ಒಬ್ಬರು ಅಂತ ಕೂತರೆ ಮಾತ್ರ ಆ ಹನ್ನೊಂದು ನಿಮಿಷ ಕೊಡಲು ಆಗುವುದು. ಬ್ಯಾಚಿನಲ್ಲಿ ಯಾರಾದರೂ ಬಾಯಿ ಹಾಕಿಬಿಡುತ್ತಾರೆ.

ಎಳೆಯುವ ವಿಷಯ ಬಂತಲ್ಲ, ನಮ್ಮ ಬೀದಿಗೆ ಬೆಳಿಗ್ಗೆ ಏಳಕ್ಕೆ ಸೊಪ್ಪಿನಮ್ಮ ಬರುತ್ತಾಳೆ. "ದಂಟೂ... ಮೆಂತ್ಯಾ..." ಅವಳ ಕೂಗನ್ನು ಎರಡು ವಾರ ರೆಕಾರ್ಡ್ ಮಾಡಿದೆ. ಷಡ್ಜ, ಅಂದರೆ ಆಧಾರದ ಸ, ದಿನಕ್ಕೊಂದು ಕಡೆ, ಆದರೆ ಏರುವ ಅಂತರ ಹೆಚ್ಚುಕಡಿಮೆ ಅದೇ, ಎಳೆಯುವುದು ಯಾವಾಗಲೂ ಕೊನೆಯ ಅಕ್ಷರ. ಅದನ್ನೇ ಶಿಷ್ಯರಿಗೆ ಕೇಳಿಸಿದರೆ ಬ್ಯಾಂಕಿನವರು ಪಾಯಿಂಟ್ ಹಿಡಿದರು: "ಅವಳು ಎಳೆದರೆ ಸರಿ, ನಾನು ಎಳೆದರೆ ನೆಂಟರಾ ಸರ್?" ಅವಳದು ಕೂಗು, ನಿಮ್ಮದು ವಾಕ್ಯ ಅಂದೆ. ಉತ್ತರ ನನಗೇ ಪೂರ್ತಿ ಒಪ್ಪಿಗೆಯಾಗಲಿಲ್ಲ. ಈ ಪ್ರಯೋಗದಿಂದ ಪಾಠಕ್ಕೇನೂ ಸಿಗಲಿಲ್ಲ, ಸೊಪ್ಪು ಮಾತ್ರ ದಿನಾ ತಗೋಬೇಕಾಯ್ತು.

ಗಮಕದ, ಅಂದರೆ ಕಾವ್ಯವನ್ನು ರಾಗದಲ್ಲಿ ಓದುವ ಕಲೆಯ, ಪ್ರಯೋಗ ಮಾತ್ರ ಫಲ ಕೊಟ್ಟಿತು. ಕುಮಾರವ್ಯಾಸನ ಭಾರತ ಇಡೀ ಭಾಮಿನಿ ಷಟ್ಪದಿ, ಗಮಕಿಗಳು ಸನ್ನಿವೇಶ ನೋಡಿ ರಾಗ ಬದಲಿಸುತ್ತ ಹೋಗುತ್ತಾರೆ. ಅದನ್ನು ಅರ್ಧ ಗಂಟೆ ಕೇಳಿಸಿದರೆ "ಈ ಪದ್ಯಕ್ಕೆ ಯಾವ ರಾಗ ಸರ್?" ಅನ್ನುವ ಪ್ರಶ್ನೆ ನಿಂತುಹೋಗುತ್ತದೆ. ಇನ್ನೊಂದು, ಉದ್ದ. ಹೊಸಬರ ಹಾಡು ಐದು ನಿಮಿಷಕ್ಕೆ ಕಡಿಮೆ ಇರುವುದಿಲ್ಲ. ನಾಡಗೀತೆಗೆ ಯಾವ ಧಾಟಿ, ಎಷ್ಟು ಹೊತ್ತು ಅಂತ ವರ್ಷಗಟ್ಟಲೆ ಜಗ್ಗಾಡಿ ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ನಿಗದಿ ಮಾಡಿತಲ್ಲ, ನಾನೂ ಅದೇ ಗಡಿ ಇಟ್ಟಿದ್ದೇನೆ. ಕುವೆಂಪು ಪದ್ಯವೇ ಅಷ್ಟರಲ್ಲಿ ಮುಗಿಯುವಾಗ ನಿಮ್ಮ ನಾಲ್ಕು ಸಾಲಿಗೆ ಐದು ನಿಮಿಷ ಯಾಕೆ?

ಲಾಕ್‌ಡೌನ್‌ನಲ್ಲಿ ಜೂಮ್‌ನಲ್ಲಿ ಕಲಿಸಹೋಗಿ ಕೈ ಸುಟ್ಟುಕೊಂಡೆ. ತಂಬೂರಿ ಸದ್ದನ್ನು ಅದು ಗದ್ದಲ ಅಂತ ತಿಳಿದು ನುಂಗುತ್ತಿತ್ತು. 'ಒರಿಜಿನಲ್ ಸೌಂಡ್' ಆನ್ ಮಾಡಿದ ಮೇಲೆ ಶ್ರುತಿ ಕೇಳಿಸಿತು, ಆದರೆ ತಾಳ ಹಿಂದೆಮುಂದೆ, ಒಟ್ಟಿಗೆ ತಟ್ಟುವ ಹಾಗಿಲ್ಲ. ಬೇಸರದಿಂದ "ವಾಟ್ಸಾಪಲ್ಲಿ ಹಾಡಿ ಕಳಿಸಿ" ಅಂದೆ. ಅದೇ ಕೈ ಹಿಡಿಯಿತು. ವಾರದಲ್ಲಿ ಮೂರು ವಾಯ್ಸ್ ಮೆಸೇಜು, ಒಂದೊಂದು ನಿಮಿಷ. ಹಳೆಯದನ್ನು ಅಳಿಸುವಂತಿಲ್ಲ. ತಿಂಗಳ ಕೊನೆಗೆ ಹನ್ನೆರಡನ್ನೂ ಸಾಲಾಗಿ ಕೇಳಿಸಿದರೆ ಎಷ್ಟೋ ಸಲ ನಾಲ್ಕನೆಯದೇ ಚೆನ್ನಾಗಿರುತ್ತದೆ. ಈಗಲೂ ಅದನ್ನು ಬಿಟ್ಟಿಲ್ಲ.

ದುಡ್ಡಿನ ವಿಷಯಕ್ಕೆ ನಾಚಿಕೆ ಬಿಟ್ಟ ಮೇಲೆ ಅರ್ಧ ತೊಂದರೆ ಕಳೆಯಿತು. ಮೊದಲು ಟ್ರಯಲ್ ಪಾಠ ಉಚಿತ, ಬಂದವರು ಕಾಫಿ ಕುಡಿದು ಹೋಗುತ್ತಿದ್ದರು. 300 ರೂಪಾಯಿ ಇಟ್ಟ ಮೇಲೆ ಬರುವವರು ಕಡಿಮೆಯಾದರು, ಉಳಿಯುವವರು ಹೆಚ್ಚಾದರು. ಈಗ ತಿಂಗಳಿಗೆ 3,000, ನಾಲ್ಕು ಪಾಠ, ಮುಂಗಡ. ತಟ್ಟೆಯಲ್ಲಿ ಹಣ್ಣು ಕಾಯಿ ತಂದು "ಗುರುದಕ್ಷಿಣೆ ಆಮೇಲೆ" ಅನ್ನುವವರಿಗೆ ಹಣ್ಣು ಕಾಯಿ ವಿಜಯದಶಮಿಗೆ ಸಾಕು ಅನ್ನುತ್ತೇನೆ. ಒಮ್ಮೆಗೆ ಏಳು ಜನಕ್ಕಿಂತ ಹೆಚ್ಚು ತಗೊಳ್ಳಲ್ಲ, ಕಿವಿ ಮಂಕಾಗುತ್ತದೆ. ಏಳು ಜನ ಇದ್ದ ತಿಂಗಳು ಇಪ್ಪತ್ತೊಂದು ಸಾವಿರ. ರಾತ್ರಿ ಹನ್ನೆರಡರವರೆಗೆ ಗಣಪತಿ ಪೆಂಡಾಲಿನಲ್ಲಿ ಕೀಬೋರ್ಡ್ ನುಡಿಸಿದರೆ ಎರಡು ಸಾವಿರ ಕೊಡುತ್ತಾರೆ, ಅದೂ ಮೂರು ಸಲ ಫೋನ್ ಮಾಡಿದ ಮೇಲೆ.

ಬಿಟ್ಟುಹೋದ ಐವರಲ್ಲಿ ಇಬ್ಬರು ಒಳ್ಳೆಯ ಹಾಡುಗಾರರು. ಸಂಗತಿ ಹಾಕುವ, ಅಂದರೆ ಒಂದೇ ಸಾಲನ್ನು ಬೇರೆ ಬೇರೆ ಥರ ಬೆಳೆಸಿ ಹಾಡುವ, ಚಟ, ಮೂರು ಸ್ವರದಲ್ಲಿ ಇರಿ ಅಂದರೆ ಅವಮಾನ ಮಾಡಿದ ಹಾಗೆ. ಅವರಿಗೆ ಏನು ಮಾಡಬೇಕಿತ್ತು ಅಂತ ನನಗಿನ್ನೂ ಹೊಳೆದಿಲ್ಲ.

ನಕ್ಕಿದ್ದನಲ್ಲ ತಬಲಾದವನು, ಕಳೆದ ತಿಂಗಳು ಫೋನ್ ಮಾಡಿದ. "ಮಗಳು ಏನೋ ಬರೀತಾಳೆ ಕಣೋ, ನಿನ್ನ ಹತ್ರ ಕಳಿಸ್ತೀನಿ. ನಮ್ಮವರಿಗೂ ಮೂರು ಸಾವಿರನಾ?" ಹೌದು ಅಂದೆ. ಮಂಗಳವಾರ ಸಂಜೆ ಆರಕ್ಕೆ ಬರುತ್ತಾಳೆ. ಮಾತ್ರೆ ಹೇಳಿಕೊಡಬೇಕಾದ್ದೇ ಇಲ್ಲ, ಅಪ್ಪನ ಕೈ. ಮೊದಲ ದಿನವೇ ನಾಲ್ಕು ಸಾಲಿಗೂ ಟ್ಯೂನ್ ಹಾಕಿಕೊಂಡು ಬಂದಿದ್ದಳು, ಮೋಹನದಲ್ಲಿ.